ನಿಲ್ಲಿಸುವುದೇ ವಿದ್ಯೆ

ಕರ್ನಾಟಕದ ಗಡಿಗಂಟಿದ ತಮಿಳುನಾಡಿನ ಬೇರಿಕೆಗೆ ರೈಲು ಇಲ್ಲ. ಪಡುವಣಕ್ಕೆ ಹೋದರೆ ಹೊಸೂರು, ಗಡಿ ದಾಟಿ ಬಡಗಣಕ್ಕೆ ಹೋದರೆ ಮಾಲೂರು. ಎರಡೂ ಕಡೆ ಸ್ಟೇಷನ್ ಇದೆ, ಎರಡಕ್ಕೂ ಬಸ್ಸು ಹಿಡಿದು ಹೋಗಬೇಕು. ಮಾಲೂರಿನ ಹಳಿ 1864ರದು. ಜೋಲಾರ್‌ಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ಬಂದ ಆ ಹಾದಿಯೇ ಈಗಿನ ಕರ್ನಾಟಕದ ಮೊದಲ ರೈಲು ಹಾದಿ. ಹೊಸೂರಿನ ಹಳಿಯ ಕಥೆ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ನಮ್ಮ ಕಡೆಯ ಮಕ್ಕಳಿಗೆ ರೈಲೆಂದರೆ ಹತ್ತಿ ಕೂತು ಕಿಟಕಿಯಾಚೆ ನೋಡುವುದು, ಅಷ್ಟೇ. ಇಂಜಿನ್ನಿನಲ್ಲಿ ಕೂತವರು ಅಲ್ಲಿ ಏನು ಮಾಡುತ್ತಿರುತ್ತಾರೆ ಎಂದು ತಿಳಿಯಲು ದಾರಿಯೇ ಇರಲಿಲ್ಲ. ಈಗ ಒಂದಿದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಸಾಧಾರಣ ಲ್ಯಾಪ್‌ಟಾಪ್ ಸಾಕು.

ಅದರ ಹೆಸರು ‘ಓಪನ್ ರೈಲ್ಸ್’. 2001ರಲ್ಲಿ ಮೈಕ್ರೋಸಾಫ್ಟ್ ‘ಟ್ರೈನ್ ಸಿಮ್ಯುಲೇಟರ್’ ಎಂಬ ಆಟವನ್ನು ಮಾರುಕಟ್ಟೆಗೆ ತಂದಿತ್ತು. ಕಟ್ಟಿಕೊಟ್ಟದ್ದು ಇಂಗ್ಲೆಂಡಿನ ಕೂಜು ಎಂಬ ಸಂಸ್ಥೆ. ಇಂಗ್ಲೆಂಡಿನ ಸೆಟಲ್–ಕಾರ್ಲೈಲ್, ಆಸ್ಟ್ರಿಯಾದ ಇನ್ಸ್‌ಬ್ರುಕ್–ಸೇಂಟ್ ಆಂಟನ್, ಅಮೆರಿಕದ ಎರಡು, ಜಪಾನಿನ ಎರಡು, ಹೀಗೆ ಆರು ಮಾರ್ಗಗಳು ಅದರಲ್ಲಿದ್ದವು. ಮುಂದಿನ ಆವೃತ್ತಿಗೆ ಕಂಪನಿ ಎರಡು ಸಲ ಕೈಹಾಕಿತು, ಎರಡು ಸಲವೂ ಅರ್ಧಕ್ಕೆ ಬಿಟ್ಟಿತು. 2009ರ ಜನವರಿಯಲ್ಲಿ ಆ ಕೆಲಸ ಮಾಡುತ್ತಿದ್ದ ವಿಭಾಗವೇ ಮುಚ್ಚಿಹೋಯಿತು. ಅಷ್ಟು ಹೊತ್ತಿಗೆ ನಾನಾ ದೇಶಗಳ ಹವ್ಯಾಸಿಗಳು ತಮ್ಮ ತಮ್ಮ ಊರಿನ ಇಂಜಿನ್ನು, ಬೋಗಿ, ಸ್ಟೇಷನ್ನು, ಸೇತುವೆಗಳನ್ನು ಆ ಆಟಕ್ಕಾಗಿ ಮಾಡಿಟ್ಟುಬಿಟ್ಟಿದ್ದರು. ಇಷ್ಟು ಜನರ ಇಷ್ಟು ವರ್ಷಗಳ ಶ್ರಮ ಮಣ್ಣುಪಾಲಾಗಬಾರದೆಂದು ಅವರಲ್ಲೇ ಕೆಲವರು ಸೇರಿ, ಹಳೆಯ ಸಾಮಗ್ರಿಯನ್ನೆಲ್ಲ ಓದಬಲ್ಲ ಹೊಸ ತಂತ್ರಾಂಶವನ್ನು ತಾವೇ ಬರೆದರು. 2015ರಲ್ಲಿ ಅದರ 1.0 ಆವೃತ್ತಿ ಬಂತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ನಮ್ಮ ದೇಶದ ಹವ್ಯಾಸಿಗಳೂ ಸುಮ್ಮನಿಲ್ಲ. ವಾರಾಣಸಿಯಲ್ಲಿ ತಯಾರಾದ ಡೀಸೆಲ್ ಇಂಜಿನ್ನುಗಳನ್ನೂ ಪೆರಂಬೂರಿನ ನೀಲಿ ಬೋಗಿಗಳನ್ನೂ ಇದರೊಳಗೆ ಓಡಿಸುತ್ತಿದ್ದಾರೆ. ಒಂದು ದೊಡ್ಡ ಕಂಪನಿ ಕೈಬಿಟ್ಟದ್ದನ್ನು ಸಂಬಳವಿಲ್ಲದ ಜನ ಎತ್ತಿ ನಿಲ್ಲಿಸಿದರು ಎಂಬ ಕಾರಣಕ್ಕೇ ನನಗೆ ಇದರ ಮೇಲೆ ಗೌರವ.

ಮೊದಲ ಸಲ ಇದರ ಮುಂದೆ ಕೂತವರಿಗೆ ಆಗುವ ಅನುಭವ ಏನೆಂದರೆ, ಏನೂ ಆಗುವುದಿಲ್ಲ. ಮಾರ್ಗ, ಗಾಡಿ, ಹೊತ್ತು, ಮಳೆಯೋ ಬಿಸಿಲೋ ಎಲ್ಲ ಆರಿಸಿಕೊಂಡು ಕ್ಯಾಬಿನೊಳಗೆ ಬಂದಿರುತ್ತೇವೆ. ‘ಡಬ್ಲ್ಯೂ’ ಒತ್ತಿದರೆ ದಿಕ್ಕು ಗೊತ್ತುಮಾಡುವ ರಿವರ್ಸರ್ ಮುಂದಕ್ಕೆ ಹೋಗುತ್ತದೆ. ‘ಡಿ’ ಒತ್ತಿದಂತೆಲ್ಲ ಬಲ ಕೊಡುವ ಥ್ರಾಟಲ್ ಒಂದೊಂದು ನಾಚ್, ಅಂದರೆ ಒಂದೊಂದು ಮೆಟ್ಟಿಲು, ಏರುತ್ತದೆ. ಇಂಜಿನ್ನಿನ ಸದ್ದು ಜೋರಾಗುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ಕಾರು ಓಡಿಸುವ ಆಟಗಳಲ್ಲಿ ಬೆಳೆದ ಹುಡುಗರು ಇಲ್ಲೇ ಬೇಸರಪಟ್ಟು ಎದ್ದುಬಿಡುತ್ತಾರೆ. ಏಳದೆ ಕೂತವರು ಪರದೆಯ ಮೇಲಿನ ಅಂಕಿಗಳನ್ನು ನೋಡಲು ಶುರು ಮಾಡುತ್ತಾರೆ. ‘ಎಫ್ 5’ ಒತ್ತಿದರೆ ಗಾಡಿಯ ಜಾತಕವೆಲ್ಲ ಪರದೆಗೆ ಬರುತ್ತದೆ. ಅದರಲ್ಲೊಂದು ಅಂಕಿ ಇಂಜಿನ್ನಿನ ಬ್ರೇಕ್ ಪೈಪಿನ ಗಾಳಿಯ ಒತ್ತಡ, ಇನ್ನೊಂದು ಕಟ್ಟಕಡೆಯ ಬೋಗಿಯ ಪೈಪಿನ ಒತ್ತಡ. ಮುಂದಿನದು ಏರುತ್ತದೆ, ಹಿಂದಿನದು ತಡವಾಗಿ, ಹಿಂಜರಿಯುತ್ತ ಏರುತ್ತದೆ. ಎರಡೂ ಒಂದು ಮಟ್ಟಕ್ಕೆ ಬರುವ ತನಕ ಆ ಗಾಡಿ ಹೊರಡಲು ಸಿದ್ಧವಾಗಿರುವುದಿಲ್ಲ. ನಿಜವಾದ ರೈಲಿನಲ್ಲಿ ಕೊನೆಯ ಬೋಗಿಯಲ್ಲಿರುವ ಗಾರ್ಡ್, ಈಗಿನ ಹೆಸರಿನಲ್ಲಿ ಟ್ರೈನ್ ಮ್ಯಾನೇಜರ್, ತಮ್ಮ ಗೇಜಿನಲ್ಲಿ ನೋಡಿಕೊಳ್ಳುವುದೂ ಇದೇ ಒತ್ತಡವನ್ನು.

ಈ ಗಾಳಿಯ ಲೆಕ್ಕ ಅರ್ಥವಾಗದೆ ಆಟ ರುಚಿಸುವುದಿಲ್ಲ, ಅರ್ಥವಾದ ಮೇಲೆ ಬಿಡಲು ಮನಸ್ಸಾಗುವುದಿಲ್ಲ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದರು. ಅವರ ಮೊದಲ ಏರ್ಪಾಟಿನಲ್ಲಿ ಪೈಪಿಗೆ ಗಾಳಿ ತುಂಬಿದಾಗ ಬ್ರೇಕ್ ಹಿಡಿಯುತ್ತಿತ್ತು. ಪೈಪು ಹರಿದರೆ ಗಾಳಿಯೂ ಇಲ್ಲ, ಬ್ರೇಕೂ ಇಲ್ಲ. 1872ರ ಹೊತ್ತಿಗೆ ಅವರು ಇಡೀ ಏರ್ಪಾಟನ್ನು ತಿರುಗುಮುರುಗು ಮಾಡಿದರು. ಪ್ರತಿ ಬೋಗಿಯ ಕೆಳಗೂ ಒಂದು ಗಾಳಿಯ ಡಬ್ಬಿ; ಪೈಪು ತುಂಬಿರುವಾಗ ಬ್ರೇಕ್ ಬಿಟ್ಟಿರುತ್ತದೆ, ಪೈಪಿನ ಒತ್ತಡ ಇಳಿದ ಕೂಡಲೇ ಆ ಡಬ್ಬಿಯ ಗಾಳಿ ನುಗ್ಗಿ ಗಾಲಿಯನ್ನು ಹಿಡಿಯುತ್ತದೆ. ಬೋಗಿ ಕಳಚಿಕೊಂಡರೂ, ಪೈಪು ಹರಿದರೂ ಗಾಡಿ ತಾನಾಗಿಯೇ ನಿಲ್ಲುತ್ತದೆ. ನಾವು ಅಪಾಯದ ಸರಪಳಿ ಎಳೆದಾಗ ಆಗುವುದೂ ಅದೇ: ಪೈಪಿನಿಂದ ಗಾಳಿ ಹೊರಗೆ ಹೋಗುತ್ತದೆ. ನಮ್ಮ ರೈಲುಗಳಲ್ಲಿ ಈ ಪೈಪಿನ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋ. ಅರ್ಧ ಕಿಲೋದಷ್ಟು ಇಳಿಸಿದರೆ ಮೆಲ್ಲಗೆ ಹಿಡಿತ ಬರುತ್ತದೆ, ಒಂದೂವರೆ ಕಿಲೋದಷ್ಟು ಇಳಿಸಿದರೆ ಪೂರ್ತಿ ಹಿಡಿತ.

ಪೇಚು ಇರುವುದು ಬಿಡಿಸುವುದರಲ್ಲಿ. ಒಂದು ಸಲ ಹಿಡಿದು ಬಿಟ್ಟರೆ ಬೋಗಿಗಳ ಡಬ್ಬಿಗಳು ಮತ್ತೆ ತುಂಬಲು ಹೊತ್ತು ಬೇಕು. ತುಂಬುವ ಮುನ್ನವೇ ಮತ್ತೆ ಹಿಡಿದರೆ, ಮತ್ತೆ ಬಿಟ್ಟರೆ, ಮತ್ತೆ ಹಿಡಿದರೆ, ಪ್ರತಿ ಸಲವೂ ಹಿಡಿತ ತೆಳುವಾಗುತ್ತ ಹೋಗುತ್ತದೆ. ಓಪನ್ ರೈಲ್ಸ್ ಇದನ್ನು ಚೆನ್ನಾಗಿ ಲೆಕ್ಕ ಹಾಕುತ್ತದೆ; ಒತ್ತಡ ಮುಂದಿನ ಬೋಗಿಯಿಂದ ಹಿಂದಿನ ಬೋಗಿಗೆ ಹರಿಯಲು ತೆಗೆದುಕೊಳ್ಳುವ ಹೊತ್ತನ್ನೂ ಬಿಡುವುದಿಲ್ಲ. ಹೊಸಬರು ಇಳಿಜಾರಿನಲ್ಲಿ ಗಾಬರಿಯಾಗಿ ಬ್ರೇಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಾರೆ. ಆಮೇಲೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಸ್ಟೇಷನ್ ಬರುತ್ತದೆ, ಪ್ಲಾಟ್‌ಫಾರ್ಮು ಪಕ್ಕದಲ್ಲೇ ಹಾದುಹೋಗುತ್ತದೆ, ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ.

ಯಾಕೆ ಇಷ್ಟು ಕಷ್ಟ? ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಉರುಳುವಾಗ ತಡೆ ಬಲು ಕಡಿಮೆ. ಒಂದು ಟನ್ ತೂಕವನ್ನು ಸಮತಟ್ಟು ಹಳಿಯ ಮೇಲೆ ನಿಧಾನವಾಗಿ ಎಳೆಯಲು ಎರಡು ಕಿಲೋದಷ್ಟು ಎಳೆತ ಸಾಕಾಗುತ್ತದೆ. ರಸ್ತೆಯ ಮೇಲೆ ರಬ್ಬರ್ ಟೈರಿನ ಗಾಡಿಗೆ ಇದರ ಹಲವು ಪಟ್ಟು ಬೇಕು. ರೈಲು ಅಗ್ಗವಾಗಿ ಅಷ್ಟು ಭಾರ ಹೊರುವುದು ಈ ಗುಣದಿಂದಲೇ. ಅದನ್ನು ನಿಲ್ಲಿಸುವುದು ಕಷ್ಟವಾಗುವುದೂ ಇದೇ ಗುಣದಿಂದ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಪವರ್ ತೆಗೆದು ಸುಮ್ಮನೆ ಬಿಟ್ಟರೆ ಗಾಡಿ ಸಮತಟ್ಟಿನಲ್ಲಿ ಹಲವು ಕಿಲೋಮೀಟರ್ ಉರುಳಿಕೊಂಡೇ ಹೋಗುತ್ತದೆ. ಗಂಟೆಗೆ 100ರಲ್ಲಿದ್ದಾಗ, ಮಲಗಿದವರಿಗೆ ಎಚ್ಚರವಾಗದಂತೆ ನಿಲ್ಲಿಸಬೇಕಾದರೆ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ಹಾದಿ ಬೇಕು. ಸ್ಟೇಷನ್ನು ಕಣ್ಣಿಗೆ ಬೀಳುವ ಮೊದಲೇ ನಿಲ್ಲಿಸುವ ಕೆಲಸ ಶುರುವಾಗಿರಬೇಕು ಎಂದಾಯಿತು.

ನಮ್ಮ ಹೊಸೂರು ಹಾದಿ ಈ ಮಾತಿಗೆ ಒಳ್ಳೆಯ ಉದಾಹರಣೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದೇ ಹಳಿ ಕೆಲಮಂಗಲ, ರಾಯಕೋಟೆ, ಮಾರಂಡಹಳ್ಳಿ, ಪಾಲಕ್ಕೋಡು, ಧರ್ಮಪುರಿ, ತೊಪ್ಪೂರು, ಓಮಲೂರು ದಾಟಿ ಸೇಲಂ ಸೇರುವಾಗ ಎತ್ತರ 300 ಮೀಟರಿಗೂ ಕಡಿಮೆ. ಮೈಸೂರು ಸೀಮೆಯ ದಿಬ್ಬದಿಂದ ತಮಿಳು ಬಯಲಿಗೆ ಗಾಡಿ ಸುಮಾರು 600 ಮೀಟರ್ ಇಳಿಯುತ್ತದೆ. ಮೈಸೂರಿನಿಂದ ಮಯಿಲಾಡುತುರೈಗೆ, ತೂತುಕುಡಿಗೆ, ಯಶವಂತಪುರದಿಂದ ಕಣ್ಣೂರಿಗೆ ಹೋಗುವ ರಾತ್ರಿ ಗಾಡಿಗಳಲ್ಲಿ ಮಲಗಿದವರಿಗೆ ಈ ಇಳಿತ ಗೊತ್ತೇ ಆಗುವುದಿಲ್ಲ. ಆಟವಾಡಿದ ಮೇಲೆ ನನಗೆ ಇದನ್ನು ಲೆಕ್ಕ ಹಾಕಿ ನೋಡಬೇಕೆನಿಸಿತು.

ಬೋಗಿ, ಇಂಜಿನ್, ಜನ, ಸಾಮಾನು ಎಲ್ಲ ಸೇರಿ ಗಾಡಿಯ ತೂಕ 1,000 ಟನ್ ಎಂದಿಟ್ಟುಕೊಳ್ಳೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದರೊಳಗೆ ಇರುವ ಚಲನಶಕ್ತಿಯನ್ನು ಕರೆಂಟಿನ ಲೆಕ್ಕಕ್ಕೆ ತಂದರೆ ಸುಮಾರು 107 ಯೂನಿಟ್. ತಮಿಳುನಾಡಿನಲ್ಲಿ ಪ್ರತಿ ಮನೆಗೂ ಎರಡು ತಿಂಗಳಿಗೊಮ್ಮೆ ಉಚಿತವಾಗಿ ಸಿಗುವ 100 ಯೂನಿಟ್ಟಿಗಿಂತ ತುಸು ಹೆಚ್ಚು. ಒಂದು ಸಲ ನಿಲ್ಲಿಸುವುದೆಂದರೆ ಅಷ್ಟನ್ನೂ ಒಂದು ನಿಮಿಷದಲ್ಲಿ ಬಿಸಿಯಾಗಿ ಹೊರಹಾಕಬೇಕು. ಇನ್ನು ಇಳಿಜಾರಿನ ಲೆಕ್ಕ: ಅದೇ ಗಾಡಿ 600 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ 1,600 ಯೂನಿಟ್ಟಿಗೂ ಮಿಕ್ಕುತ್ತದೆ. ಇಳಿಜಾರು ಹಾದಿಯುದ್ದಕ್ಕೂ ಸಮನಾಗಿ ಹರಡಿದ್ದರೆ ಗಾಲಿಯ ತಡೆ, ಎದುರುಗಾಳಿಯ ತಡೆಗಳೇ ಇದರ ಬಹುಪಾಲನ್ನು ನುಂಗಿಕೊಳ್ಳುತ್ತಿದ್ದವು. ಆದರೆ ನೆಲ ಹಾಗೆ ಇಳಿಯುವುದಿಲ್ಲ. ರಾಯಕೋಟೆ ದಾಟಿ ಬಾರಾಮಹಲ್ ಎಂಬ ತಗ್ಗಿನ ಸೀಮೆಗೆ ಇಳಿಯುವಲ್ಲಿ ಒಂದು, ಧರ್ಮಪುರಿ ದಾಟಿದ ಮೇಲೆ ಶಿವಾಡಿ, ಮುತ್ತಂಪಟ್ಟಿ, ತೊಪ್ಪೂರಿನ ಘಟ್ಟದಲ್ಲಿ ಇನ್ನೊಂದು, ಹೀಗೆ ಮೆಟ್ಟಿಲಿನಂತೆ ಇಳಿಯುತ್ತದೆ. ಕೆಳಗಿನ ಸೀಮೆಯಿಂದ ಮೇಲೆ ಬರುವ ಕಣಿವೆಯ ಕಾವಲಿಗೆಂದೇ ರಾಯಕೋಟೆಯ ಬೆಟ್ಟದ ಮೇಲೆ ದುರ್ಗ ಕಟ್ಟಿದ್ದರು. ದಂಡು ಹತ್ತಲು ಕಷ್ಟಪಟ್ಟ ನೆಲದಲ್ಲೇ ಈಗ ಗಾಡಿ ಇಳಿಯುತ್ತದೆ. ನೂರಕ್ಕೆ ಒಂದರ ಇಳಿಜಾರಿನಲ್ಲಿ ಪ್ರತಿ ಟನ್ನನ್ನೂ ಭೂಮಿ ಹತ್ತು ಕಿಲೋ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಅಂಥ ಕಡೆ 1,000 ಟನ್ನಿನ ಗಾಡಿಯನ್ನು ಹತ್ತು ಟನ್ ಎಳೆತ ಎಡೆಬಿಡದೆ ಜಗ್ಗುತ್ತಿರುತ್ತದೆ. ಎತ್ತಿನ ಗಾಡಿಯಲ್ಲಿ ಹೇರು ತುಂಬಿಕೊಂಡು ದಿಣ್ಣೆ ಇಳಿಸಿದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ಹೇರು ಎತ್ತಿನ ಮೇಲೆ ಬೀಳದಂತೆ ತಡೆಯುವುದೇ ಅಲ್ಲಿ ಗಾಡಿ ಹೊಡೆಯುವವನ ಕೆಲಸವೆಲ್ಲ.

ಈಗ ಈ ಹಾದಿಗೆ ವಿದ್ಯುತ್ ತಂತಿ ಬಂದಿದೆ. ಡಬ್ಲ್ಯೂಎಪಿ-7ನಂಥ ವಿದ್ಯುತ್ ಇಂಜಿನ್ ಇಳಿಜಾರಿನಲ್ಲಿ ತನ್ನ ಮೋಟಾರುಗಳನ್ನೇ ಜನರೇಟರುಗಳಾಗಿ ತಿರುಗಿಸಿ, ಹುಟ್ಟಿದ ಕರೆಂಟನ್ನು ತಂತಿಗೆ ಹಿಂದಿರುಗಿಸುತ್ತದೆ. ಮೊದಲು ಗಾಲಿ ಸುಡುವ ಬಿಸಿಯಾಗಿ ವ್ಯರ್ಥವಾಗುತ್ತಿದ್ದುದು ಈಗ ಎಲ್ಲೋ ಹತ್ತುತ್ತಿರುವ ಇನ್ನೊಂದು ಗಾಡಿಗೆ ಬಲವಾಗಬಹುದು. ನನ್ನ ಮಟ್ಟಿಗೆ ರೈಲಿನ ತಂತ್ರಜ್ಞಾನದಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ಮತ್ತೊಂದಿಲ್ಲ. ಕರ್ನಾಟಕದಲ್ಲಿ ಇದಕ್ಕಿಂತ ಬಿರುಸಾದ ಇಳಿಜಾರುಗಳೂ ಇವೆ: ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 57 ಸುರಂಗಗಳ ನಡುವೆ ಐವತ್ತಕ್ಕೆ ಒಂದು, ಕ್ಯಾಸಲ್‌ರಾಕಿನಿಂದ ಗೋವೆಯ ಕುಳೆಂಗೆ ಮೂವತ್ತೇಳಕ್ಕೆ ಒಂದು. ಅಲ್ಲಿ ಹತ್ತುವಾಗ ಹಿಂದಿನಿಂದ ಬ್ಯಾಂಕರ್ ಇಂಜಿನ್ನುಗಳನ್ನು ಹಚ್ಚುತ್ತಾರೆ. ಹಿಡಿತ ತಪ್ಪಿದ ಗಾಡಿಯನ್ನು ತಿರುಗಿಸಿ ನಿಲ್ಲಿಸಲು ಏರಿಗೆ ಕಟ್ಟಿದ ‘ಕ್ಯಾಚ್ ಸೈಡಿಂಗ್’ ಎಂಬ ಕುರುಡು ಹಳಿಗಳಿರುತ್ತವೆ.

ಇನ್ನೊಂದು ವಿಷಯ ಹೇಳಲೇಬೇಕು. ರಾತ್ರಿ ಮೇಲಿನ ಬರ್ತಿನಲ್ಲಿ ಮಲಗಿದಾಗ ಗಾಡಿ ಧಡ್ಡೆಂದು ಜಗ್ಗಿ ಎಚ್ಚರಿಸುವುದು ಎಲ್ಲರಿಗೂ ಗೊತ್ತು. ಹಳೆಯ ನೀಲಿ ಐಸಿಎಫ್ ಬೋಗಿಗಳಲ್ಲಿ ತಿರುಪು ಬಿಗಿದ ಕೊಂಡಿ ಮತ್ತು ಅಕ್ಕಪಕ್ಕದಲ್ಲಿ ಬಫರುಗಳು. ಕೆಂಪು ಎಲ್‌ಎಚ್‌ಬಿ ಬೋಗಿಗಳಲ್ಲಿ ನಡುವೆ ಒಂದೇ ಗಟ್ಟಿ ಕೊಂಡಿ. ಅಪಘಾತವಾದಾಗ ಒಂದರ ಮೇಲೊಂದು ಹತ್ತದಂತೆ ತಡೆಯುವುದು ಎರಡನೆಯದರ ಹೆಚ್ಚುಗಾರಿಕೆ. ಆದರೆ ಅದರಲ್ಲಿ ತುಸು ಸಡಿಲವಿದ್ದರೂ ಜಗ್ಗಾಟ ಹೆಚ್ಚು. ಸಿಮ್ಯುಲೇಟರಿನಲ್ಲಿ ಪ್ರತಿ ಕೊಂಡಿಯ ಮೇಲಿನ ಎಳೆತವನ್ನೂ ಅಂಕಿಗಳಲ್ಲಿ ನೋಡಬಹುದು. ಇಂಜಿನ್ನಿನಲ್ಲಿ ಒಮ್ಮೆಗೇ ನಾಲ್ಕು ನಾಚ್ ಏರಿಸಿದರೆ ಎಳೆತ ಮುಂದಿನ ಬೋಗಿಯಿಂದ ಹಿಂದಿನ ಬೋಗಿಗೆ ಅಲೆಯಂತೆ ಓಡುವುದು ಕಾಣುತ್ತದೆ. ಮೊದಲು ಕೊಂಡಿಗಳನ್ನೆಲ್ಲ ಮೆಲ್ಲಗೆ ಬಿಗಿಯಾಗಿಸಿ, ಆಮೇಲೆ ಬಲ ಕೊಟ್ಟರೆ ಅದೇ ಗಾಡಿ ನೀರಿನ ಮೇಲೆ ತೇಲಿದ ಹಾಗೆ ಹೊರಡುತ್ತದೆ. ಎಚ್ಚರವಾಗದೆ ಮಲಗಿದ ರಾತ್ರಿಗಳಲ್ಲಿ ಇಂಜಿನ್ನಿನಲ್ಲಿ ಕೈಯೊಂದು ಎಷ್ಟು ಜಾಣತನದಿಂದ ಕೆಲಸ ಮಾಡಿತ್ತು ಎಂಬುದು ಇಲ್ಲಿ ತಿಳಿಯುತ್ತದೆ. ಆ ಕೈಗೆ ಯಾರೂ ನಮಸ್ಕಾರ ಹೇಳಿದ್ದಿಲ್ಲ.

ಹಾಗಾದರೆ ಎಲ್ಲಿ ಪವರ್ ತೆಗೆಯಬೇಕು, ಎಲ್ಲಿ ಬ್ರೇಕ್ ಹಿಡಿಯಬೇಕು ಎಂಬುದು ಹೇಗೆ ಗೊತ್ತಾಗುತ್ತದೆ? ನೆನಪಿನಿಂದ. ಹೊಸ ಮಾರ್ಗಕ್ಕೆ ಹಾಕುವ ಮೊದಲು ಲೋಕೋ ಪೈಲಟ್ ಆ ಹಾದಿಯನ್ನು ಕಲಿಯಬೇಕೆಂದು ರೈಲ್ವೆಯಲ್ಲಿ ನಿಯಮವೇ ಇದೆ. ಅದನ್ನು ‘ರೋಡ್ ಲರ್ನಿಂಗ್’ ಎನ್ನುತ್ತಾರೆ. ಗೊತ್ತಿದ್ದವರ ಜೊತೆ ಹಗಲೂ ರಾತ್ರಿಯೂ ಹೋಗಿಬಂದು, ಏರು ಎಲ್ಲಿ, ಇಳಿವು ಎಲ್ಲಿ, ಸಿಗ್ನಲ್ ಯಾವ ತಿರುವಿನಾಚೆ ಕಾಣುತ್ತದೆ, ಲೆವೆಲ್ ಕ್ರಾಸಿಂಗ್ ಎಲ್ಲಿ ಎಂದು ಮನಸ್ಸಿನಲ್ಲಿ ನಕ್ಷೆ ಬರೆದುಕೊಳ್ಳಬೇಕು. ಹಸಿರು ಕಂಡರೆ ಸಾಗು. ಎರಡು ಹಳದಿ ಕಂಡರೆ ಮುಂದಿನ ಸಿಗ್ನಲನ್ನು ವೇಗ ತಗ್ಗಿಸಿ ದಾಟಲು ಸಿದ್ಧನಾಗು. ಒಂದು ಹಳದಿ ಕಂಡರೆ ಮುಂದಿನದರಲ್ಲಿ ನಿಲ್ಲಲು ಸಿದ್ಧನಾಗು. ಕೆಂಪು ಕಂಡರೆ ನಿಲ್ಲು. ಕ್ಯಾಬಿನಲ್ಲಿ ಲೋಕೋ ಪೈಲಟ್ ಮತ್ತು ಸಹಾಯಕ ಇಬ್ಬರೂ ಪ್ರತಿ ಸಿಗ್ನಲಿನ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳಿಕೊಳ್ಳುತ್ತಾರೆ. ಸುಮಾರು ಒಂದು ನಿಮಿಷ ಯಾವ ಸಲಕರಣೆಯನ್ನೂ ಮುಟ್ಟದಿದ್ದರೆ ಎಚ್ಚರಿಕೆಯ ದೀಪ ಮಿನುಗುತ್ತದೆ, ಸದ್ದಾಗುತ್ತದೆ, ಆಮೇಲೂ ಮುಟ್ಟದಿದ್ದರೆ ಬ್ರೇಕ್ ತಾನೇ ಬೀಳುತ್ತದೆ. ಆಟದಲ್ಲೂ ಈ ಎಚ್ಚರಿಕೆಯ ಯಂತ್ರವಿದೆ. ‘ಝಡ್’ ಒತ್ತಿ ನಾನು ಎದ್ದಿದ್ದೇನೆ ಎಂದು ಹೇಳಬೇಕು.

ಒಂದೇ ಮಾರ್ಗವನ್ನು ಮತ್ತೆ ಮತ್ತೆ ಓಡಿಸಿದವರಿಗೆ ಆಟ ನಿಜವಾಗಿ ತೆರೆದುಕೊಳ್ಳುವುದು ಇಲ್ಲಿ. ಮೊದಲು ಅಂಕಿ ನೋಡಿ ಬ್ರೇಕ್ ಹಿಡಿಯುತ್ತಿದ್ದವರು, ಆಮೇಲೆ ಒಂದು ಸೇತುವೆ ಕಂಡಾಗ, ಒಂದು ಮರ ಹಿಂದೆ ಸರಿದಾಗ ಹಿಡಿಯತೊಡಗುತ್ತಾರೆ. ಸೆಟಲ್–ಕಾರ್ಲೈಲ್ ಮಾರ್ಗದಲ್ಲಿ ನೂರಕ್ಕೆ ಒಂದರ ಏರು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಬಿಡುವಿಲ್ಲದೆ ಸಾಗುತ್ತದೆ. 1923ರ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಉಗಿಬಂಡಿಯನ್ನು ಅಲ್ಲಿ ಹತ್ತಿಸುವುದು ಸೊಗಸಾದ ಕೆಲಸ. ಆದರೆ ಯಾರ್ಕ್‌ಶೈರಿನ ಬೆಟ್ಟದ ತಿರುವುಗಳು ಬಾಯಿಪಾಠವಾಗುತ್ತ ಬಂದಂತೆ ಒಂದು ಆಸೆ ಗಟ್ಟಿಯಾಗುತ್ತದೆ: ಕಲಿಯುವುದಾದರೆ ನಮ್ಮದೇ ಹಾದಿಯನ್ನು ಕಲಿಯಬಾರದೇಕೆ?

ಬೇರೆ ಆಟಗಳನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಜಪಾನಿನ ಟೈಟೋ ಕಂಪನಿಯ ‘ಡೆನ್ಶಾ ದೆ ಗೋ’ 1990ರ ದಶಕದಲ್ಲೇ ಆಟದ ಅಂಗಡಿಗಳಿಗೆ ಬಂದಿತ್ತು. ಪ್ಲಾಟ್‌ಫಾರ್ಮಿನ ಗುರುತಿಗೆ ಎಷ್ಟು ಹತ್ತಿರ, ಎಷ್ಟು ಸರಿಯಾದ ಸೆಕೆಂಡಿಗೆ ನಿಲ್ಲಿಸಿದಿರಿ ಎಂಬುದಕ್ಕೆ ಅದರಲ್ಲಿ ಅಂಕ. ಚೆನ್ನೈನ ಹೈಬ್ರೋ ಇಂಟರಾಕ್ಟಿವ್ ತಯಾರಿಸಿದ ‘ಇಂಡಿಯನ್ ಟ್ರೈನ್ ಸಿಮ್ಯುಲೇಟರ್’ ಮೊಬೈಲಿನಲ್ಲಿ ಸಿಗುತ್ತದೆ; ನಮ್ಮ ಬಣ್ಣದ ಇಂಜಿನ್ನು, ನಮ್ಮ ಊರಿನ ಹೆಸರುಗಳು ಅದರಲ್ಲಿರುವುದರಿಂದ ಮಕ್ಕಳಿಗೆ ಅದೇ ಮೊದಲ ಪ್ರೀತಿ. ಮೊಬೈಲಿಗೆ ತಕ್ಕಂತೆ ಸರಳವಾಗಿರುವುದೂ ಸರಿಯೇ. ರೈಲಿನ ಭಾರವನ್ನು ಕೈಗೆ ತಿಳಿಯುವಂತೆ ಮಾಡುವ ಕೆಲಸದಲ್ಲಿ ಮಾತ್ರ ನಾನು ಓಪನ್ ರೈಲ್ಸನ್ನೇ ಮುಂದಿಡುತ್ತೇನೆ.

ಯಾವ ಆಟವೂ ಕೊಡಲಾರದ್ದು ಬಹಳವಿದೆ. ಏಪ್ರಿಲ್ ಮಧ್ಯಾಹ್ನ ಕ್ಯಾಬಿನೊಳಗಿನ ಕಾವು, ನಡುರಾತ್ರಿ ಮೂರರ ನಿದ್ದೆ, ಹಳಿಗೆ ಅಡ್ಡ ಬಂದ ದನ. 2021ರ ನವೆಂಬರಿನಲ್ಲಿ ಕಣ್ಣೂರು–ಯಶವಂತಪುರ ಎಕ್ಸ್‌ಪ್ರೆಸ್ ಬೆಳಗಿನ ಜಾವ ತೊಪ್ಪೂರು–ಶಿವಾಡಿ ನಡುವೆ, ಮಳೆಗೆ ಕುಸಿದು ಬಿದ್ದ ಬಂಡೆಗಳಿಗೆ ಬಡಿದು ಹಳಿ ತಪ್ಪಿತು. ಜೀವಹಾನಿಯಾಗಲಿಲ್ಲ. ಅಂಥ ಗಳಿಗೆಯಲ್ಲಿ ಇಂಜಿನ್ನಿನಲ್ಲಿದ್ದವರ ಎದೆ ಹೇಗೆ ಹೊಡೆದುಕೊಂಡಿರಬಹುದು ಎಂಬುದನ್ನು ಕುರ್ಚಿಯಲ್ಲಿ ಕೂತು ಕೀಲಿ ಒತ್ತುವವರು ತಿಳಿದೆವೆಂದು ಹೇಳಬಾರದು. ‘ಎಸ್ಕೇಪ್’ ಒತ್ತಿ ನಿಲ್ಲಿಸಿ ಚಹಾ ಕುಡಿದು ಬರುವ ಅನುಕೂಲ ಇಂಜಿನ್ನಿನಲ್ಲಿರುವವರಿಗಿಲ್ಲ. ರೈಲ್ವೆಯ ತರಬೇತಿ ಕೇಂದ್ರಗಳಲ್ಲೂ ಸಿಮ್ಯುಲೇಟರುಗಳಿವೆ. ಅವು ನಿಜವಾದ ಕ್ಯಾಬಿನ ಅಳತೆಯವು, ಅಲ್ಲಿ ಕಲಿತವರು ಆಮೇಲೆ ಹಳಿಯ ಮೇಲೂ ವರ್ಷಗಟ್ಟಲೆ ಕಲಿಯುತ್ತಾರೆ.

ಇನ್ನು ಹೊಸೂರಿನ ಹಳಿಯ ಕಥೆ. ಕಳೆದ ಶತಮಾನದ ಆರಂಭದಲ್ಲಿ ಈ ಸೀಮೆಗೆ ಎರಡು ನ್ಯಾರೋಗೇಜ್ ರೈಲುಗಳು ಬಂದವು. ಎರಡಕ್ಕೂ ಎರಡೂವರೆ ಅಡಿ ಅಗಲದ ಹಳಿ, ಎರಡೂ ಬರಗಾಲ ಬಂದಾಗ ಧಾನ್ಯ ಸಾಗಿಸಲು ಬೇಕೆಂದು ಮದ್ರಾಸ್ ಪ್ರಾಂತದಲ್ಲಿ ಹಾಕಿಸಿದವು. ತಿರುಪತ್ತೂರಿನಿಂದ ಕೃಷ್ಣಗಿರಿಗೆ 1905ರಲ್ಲಿ, ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ. ಎರಡನೆಯದು 1913ರಲ್ಲಿ ಹೊಸೂರಿನ ತನಕ ಬೆಳೆಯಿತು. ಒಟ್ಟು ಉದ್ದ ನೂರು ಕಿಲೋಮೀಟರಿಗೂ ಮಿಕ್ಕಿತ್ತು. ಅದೇ ಕಾಲಕ್ಕೆ ಗಡಿಯಾಚೆ ಬಂಗಾರಪೇಟೆಯಿಂದ ಕೋಲಾರಕ್ಕೂ ಅಂಥದೇ ಚಿಕ್ಕ ರೈಲು ಓಡತೊಡಗಿತ್ತು. ಕೋಲಾರದ್ದು ಉಳಿಯಿತು. ನಮ್ಮವು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಿಂತವು, ಹಳಿಗಳನ್ನೂ ಕಿತ್ತರು. ಹೊಸೂರಿಗೆ ಮತ್ತೆ ರೈಲು ಬಂದದ್ದು 1960ರ ದಶಕದ ಕೊನೆಯಲ್ಲಿ, ಬೆಂಗಳೂರು–ಸೇಲಂ ನಡುವಿನ ಮೀಟರ್‌ಗೇಜ್ ಆಗಿ. 1990ರ ದಶಕದಲ್ಲಿ ಅದು ಬ್ರಾಡ್‌ಗೇಜ್ ಆಯಿತು. ಎಪ್ಪತ್ತರಿಂದ ಎಂಬತ್ತು ವರ್ಷಗಳ ಒಂದೇ ಆಯುಸ್ಸಿನಲ್ಲಿ 762, 1,000, 1,676 ಮಿಲಿಮೀಟರಿನ ಮೂರು ಹಳಿಗಳನ್ನೂ, ನಡುವೆ ಹಳಿಯೇ ಇಲ್ಲದ ಕಾಲು ಶತಮಾನವನ್ನೂ ಕಂಡ ಊರು ಹೊಸೂರು. ಕೃಷ್ಣಗಿರಿಗೆ ಮಾತ್ರ ಹೋದ ರೈಲು ಹೋದದ್ದೇ. 2004ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೂ ಆ ಊರಿಗೆ ಸ್ಟೇಷನ್ ಇಲ್ಲ. ಜೋಲಾರ್‌ಪೇಟೆಯಿಂದ ಕೃಷ್ಣಗಿರಿಯ ಮೇಲೆ ಹೊಸೂರಿಗೆ ಹಳಿ ಹಾಕಿ ಎಂಬ ಬೇಡಿಕೆ ತಲೆಮಾರುಗಳಿಂದ ಕೇಳಿಬರುತ್ತಲೇ ಇದೆ. ಹಾಗೇನಾದರೂ ಆದರೆ ಶೂಲಗಿರಿ, ಬೇರಿಕೆಯ ಕಡೆಯ ತರಕಾರಿ, ಹೂವು ಬೆಳೆಯುವವರಿಗೂ ಹತ್ತಿರದಲ್ಲೊಂದು ಸ್ಟೇಷನ್ ಸಿಕ್ಕೀತು.

ಸರ್ಕಾರ ಹಳಿ ಹಾಕುವ ತನಕ ಕಾಯಬೇಕಾದ ಅಗತ್ಯ ಸಿಮ್ಯುಲೇಟರಿಗಿಲ್ಲ. ಈ ಆಟದ ಲೋಕವನ್ನು 2,048 ಮೀಟರ್ ಉದ್ದಗಲದ ಚೌಕಗಳಾಗಿ ಕತ್ತರಿಸಿ ಕಟ್ಟುತ್ತಾರೆ. ಹೊಸೂರಿನಿಂದ ಧರ್ಮಪುರಿಗೆ ಅಂಥ ನಲವತ್ತು ಐವತ್ತು ಚೌಕಗಳಾದರೂ ಬೇಕು. ನೆಲದ ಏರಿಳಿತವನ್ನು ಕೈಯಲ್ಲಿ ಮಾಡಬೇಕಿಲ್ಲ: 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ನೌಕೆ ರೇಡಾರಿನಿಂದ ಅಳೆದ ಭೂಮಿಯ ಎತ್ತರದ ಲೆಕ್ಕ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಓಪನ್ ಸ್ಟ್ರೀಟ್ ಮ್ಯಾಪಿನಲ್ಲಿ ಹಳಿ, ರಸ್ತೆ, ಕೆರೆಗಳಿವೆ. ಚೌಕಗಳ ಮೇಲೆ ಹಳಿ ಜೋಡಿಸಿ ಮರ, ಮನೆ, ಕಂಬ ನಿಲ್ಲಿಸಲು ‘ಟಿಎಸ್‌ಆರ್‌ಇ’ ಎಂಬ ಉಚಿತ ಉಪಕರಣವಿದೆ. ರೇಡಾರಿನ ಲೆಕ್ಕಕ್ಕೆ ರೈಲ್ವೆಯವರು ಕಡಿದ ಕಣಿವೆ, ಹಾಕಿದ ಏರಿ ಸರಿಯಾಗಿ ಕಾಣುವುದಿಲ್ಲ. ಅಲ್ಲೆಲ್ಲ ಕೈಯಿಂದಲೇ ನೆಲ ತಿದ್ದಬೇಕು. ಕೆಲಸ ದೊಡ್ಡದು, ತಾಳ್ಮೆಯದು. ಆದರೆ ಒಬ್ಬ ಕಾಲೇಜು ಹುಡುಗಿ, ಒಬ್ಬ ಐಟಿಐ ಹುಡುಗ, ಒಬ್ಬ ನಿವೃತ್ತ ರೈಲ್ವೆ ನೌಕರ ಸೇರಿದರೆ ಆಗದ ಕೆಲಸವಲ್ಲ.

ನಿವೃತ್ತರು ಬೇಕೇ ಬೇಕು. ಯಾವ ತಿರುವಿನಲ್ಲಿ ಗಾಲಿ ಜಾರುತ್ತದೆ, ಮಳೆ ಹನಿದಾಗ ಎಲ್ಲಿ ಮರಳು ಬಿಡಬೇಕು, ಎಲ್ಲಿಂದ ಕೆಲಮಂಗಲದ ಸಿಗ್ನಲ್ ಕಾಣತೊಡಗುತ್ತದೆ ಎಂಬುದು ಯಾವ ಉಪಗ್ರಹಕ್ಕೂ ಗೊತ್ತಿಲ್ಲ. ಕಿತ್ತುಹಾಕಿದ ಚಿಕ್ಕ ರೈಲನ್ನು ಕಟ್ಟುವುದಾದರೆ ಅವಸರ ಇನ್ನೂ ಹೆಚ್ಚು. ಅದರಲ್ಲಿ ಕೂತವರು ಈಗ ತೊಂಬತ್ತು ದಾಟಿರುತ್ತಾರೆ. ಹಳೆಯ ಸರ್ವೆ ನಕ್ಷೆ ಹಳಿಯ ಗೆರೆಯನ್ನು ತೋರಿಸೀತು. ಸ್ಟೇಷನ್ನಿನ ಮುಂದೆ ಬಾವಿಯಿತ್ತೇ, ಇಂಜಿನ್ನಿಗೆ ನೀರು ಎಲ್ಲಿ ತುಂಬುತ್ತಿದ್ದರು, ಸಂತೆಯ ದಿನ ಎಷ್ಟು ಬೋಗಿ ಹಚ್ಚುತ್ತಿದ್ದರು ಎಂಬುದನ್ನು ಮನೆಮನೆಗೆ ಹೋಗಿ, ಕನ್ನಡದಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಕೇಳಿ ಬರೆದುಕೊಳ್ಳಬೇಕು.

ಶುರು ಮಾಡುವುದಾದರೆ ರಾಯಕೋಟೆಯಿಂದ ಮಾರಂಡಹಳ್ಳಿಗೆ ಇಳಿಯುವ ತುಂಡಿನಿಂದ ಶುರು ಮಾಡುವುದು ಒಳ್ಳೆಯದು. ಒಂಟಿ ಹಳಿ, ಕಟ್ಟಡ ಕಡಿಮೆ, ಇಳಿಜಾರು ಮಾತ್ರ ಭರ್ತಿ. ಬ್ರೇಕಿನ ಪಾಠಕ್ಕೆ ಹೇಳಿಮಾಡಿಸಿದ ಜಾಗ. ಹಳಿಯ ಬದಿಯಲ್ಲಿ ಇಳಿಜಾರಿನ ಪ್ರಮಾಣ ಬರೆದ ಗ್ರೇಡಿಯಂಟ್ ಕಂಬಗಳಿರುತ್ತವೆ. ಹಗಲಿನ ಪ್ಯಾಸೆಂಜರಿನಲ್ಲಿ ಹೊಸೂರಿನಿಂದ ಧರ್ಮಪುರಿಗೆ ಟಿಕೆಟ್ ತೆಗೆದು, ಕಿಟಕಿ ಪಕ್ಕ ಕೂತು, ಒಬ್ಬರು ಕಿಲೋಮೀಟರ್ ಕಲ್ಲನ್ನೂ ಇನ್ನೊಬ್ಬರು ಕಂಬದ ಅಂಕಿಯನ್ನೂ ಓದಿ ಹೇಳಿದರೆ ಮೂರನೆಯವರು ಬರೆದುಕೊಳ್ಳಬಹುದು.